ಕಾಕು ಮತ್ತು ಕರ್ತೃತ್ವ: ಬೆಟ್ಟಿ ಲವೆಟ್ ಅವರ ಗಾಯನವನ್ನು ಕುರಿತು

ಕನ್ನಡ ಅಧ್ಯಯನಕ್ಕೆ ಮೀಸಲಾದ ಪತ್ರಿಕೆಯಲ್ಲಿ ಅಮೆರಿಕದ ಸೋಲ್ ಗಾಯಕಿಯೊಬ್ಬರನ್ನು ಕುರಿತು ಬರೆಯುವುದಕ್ಕೆ ಸಮರ್ಥನೆ ಬೇಕಾಗುತ್ತದೆ. ಪಠ್ಯವನ್ನು ರಚಿಸಿದವರಿಗೂ ಅದನ್ನು ನುಡಿದವರಿಗೂ ನಡುವೆ ನಮ್ಮ ವಿಮರ್ಶೆ ಒಂದು ಶ್ರೇಣಿಯನ್ನು ಒಪ್ಪಿಕೊಂಡು ನಡೆದಿದೆ. ರಚಿಸಿದವರು ಕರ್ತೃಗಳು, ನುಡಿದವರು ವಾಹಕರು. ತಾವು ಹಾಡಿದ್ದರಲ್ಲಿ ಬಹುತೇಕ ಯಾವುದನ್ನೂ ತಾವು ಬರೆಯದ, ಆದರೆ ಹಾಡಿದ್ದೆಲ್ಲವನ್ನೂ ತಮ್ಮದಾಗಿಸಿಕೊಂಡ ಬೆಟ್ಟಿ ಲವೆಟ್ ಅವರ ಅರವತ್ತು ವರ್ಷಗಳ ಗಾಯನ ಈ ಶ್ರೇಣಿಯನ್ನು ಅಲುಗಿಸುತ್ತದೆ ಎಂಬುದೇ ನನ್ನ ಸಮರ್ಥನೆ. ಪ್ರದರ್ಶನ ಪಠ್ಯಗಳನ್ನು ಬರಹಕ್ಕಿಳಿಸಿ ಅಧ್ಯಯನ ಮಾಡುವ ನಮಗೆ ಈ ಪ್ರಶ್ನೆ ಪರಕೀಯವಾದುದಲ್ಲ.

‘ಸೋಲ್’ ಎಂಬ ಪದವನ್ನು ಕನ್ನಡ ಲಿಪಿಯಲ್ಲಿ ಬರೆದೊಡನೆ ಅದು ‘ಸೋಲು’ವಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಇದು ಕೇವಲ ಉಚ್ಚಾರದ ಆಕಸ್ಮಿಕ. ಆದರೂ ಪರಾಭವವನ್ನೂ ಮನಸೋಲುವುದನ್ನೂ ಒಂದೇ ಧಾತುವಿನಲ್ಲಿ ಹೇಳುವ ಭಾಷೆಯವರಿಗೆ ಈ ಸಂಗೀತದ ಸ್ವಭಾವವನ್ನು ವಿವರಿಸುವುದು ಕಷ್ಟವಾಗಲಾರದು. ಆಫ್ರಿಕನ್-ಅಮೆರಿಕನ್ನರ ಚರ್ಚುಗಳ ಗಾಸ್ಪೆಲ್ ಗಾಯನವೂ ರಿದಂ ಅಂಡ್ ಬ್ಲೂಸ್ ಎಂಬ ಲೌಕಿಕ ಸಂಗೀತವೂ 1950ರ ದಶಕದಲ್ಲಿ ಕೂಡಿ ಹುಟ್ಟಿದ್ದು ಸೋಲ್ ಎಂಬುದು ಅದರ ಚರಿತ್ರೆಕಾರರ ಸರ್ವಸಮ್ಮತ ನಿರೂಪಣೆ. ಈ ನಿರೂಪಣೆಗೆ ಅರೀತಾ ಫ್ರಾಂಕ್ಲಿನ್ ಆದರ್ಶ ಉದಾಹರಣೆ: ಡೆಟ್ರಾಯಿಟಿನ ಪ್ರಸಿದ್ಧ ಧರ್ಮಬೋಧಕರ ಮಗಳು, ತಂದೆಯ ಚರ್ಚಿನಲ್ಲೇ ಕಂಠ ತೆರೆದವರು.

ಲವೆಟ್ ಅವರದು ಬೇರೆಯ ಕಥೆ. ಅವರು ಹುಟ್ಟಿದ್ದು 1946ರ ಜನವರಿಯಲ್ಲಿ, ಮಿಶಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ, ಬೆಳೆದದ್ದು ಡೆಟ್ರಾಯಿಟಿನಲ್ಲಿ. ಲೂಯಿಸಿಯಾನಾದಿಂದ ವಲಸೆ ಬಂದಿದ್ದ ತಂದೆತಾಯಿ ಮನೆಯಲ್ಲೇ ಮೆಕ್ಕೆಜೋಳದ ಸಾರಾಯಿ ಮಾರುತ್ತಿದ್ದರು. ಪಡಸಾಲೆಯಲ್ಲಿ ನಾಣ್ಯ ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಇತ್ತು. ಬ್ಲೂಸ್, ಬಿಳಿಯರ ಕಂಟ್ರಿ ಸಂಗೀತ, ಗಾಸ್ಪೆಲ್ ಎಲ್ಲವೂ ಆ ಪೆಟ್ಟಿಗೆಯೊಳಗಿಂದಲೇ ಮಗುವಿನ ಕಿವಿಗೆ ಬಿದ್ದವು. ಅಂದರೆ ಪವಿತ್ರ, ಲೌಕಿಕ ಎಂಬ ವಿಂಗಡಣೆ ಆಗುವ ಮೊದಲೇ, ಕುಡಿಯಲು ಬಂದವರ ಮಾತುಕತೆಯ ನಡುವೆ, ಹಾಡು ಎಂದರೆ ಹಾಡು ಎಂಬ ನೆಲೆಯಲ್ಲಿ ಅವು ಅವರಿಗೆ ದಕ್ಕಿದವು. ಸೋಲ್ ಸಂಗೀತದ ಚರಿತ್ರೆ ಬರೆದವರು ಚರ್ಚಿನ ಬಾಗಿಲಿನಿಂದಲೇ ಪ್ರವೇಶಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದರಿಂದ ಸಾರಾಯಿ ಮಾರುವ ಪಡಸಾಲೆಯಿಂದ ಬಂದ ಈ ಕಂಠವನ್ನು ಎಲ್ಲಿ ಕೂರಿಸಬೇಕೆಂಬುದು ಅವರಿಗೆ ತಿಳಿಯಲಿಲ್ಲವೆಂದು ನನಗೆ ಅನಿಸುತ್ತದೆ. ಮೂಲವನ್ನು ಒಂದೇ ಎಂದು ನಿಗದಿಪಡಿಸಿಕೊಂಡ ಚರಿತ್ರೆಗಳಿಗೆ ಇಂತಹ ತೊಡಕು ತಪ್ಪದು. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿಯೂ ಇದಕ್ಕೆ ನಿದರ್ಶನಗಳು ವಿರಳವಲ್ಲ.

1962ರಲ್ಲಿ, ಹದಿನಾರರ ಹರೆಯದಲ್ಲಿ, ಅವರ ಮೊದಲ ಧ್ವನಿಮುದ್ರಿಕೆ ಅಟ್ಲಾಂಟಿಕ್ ಸಂಸ್ಥೆಯ ಮೂಲಕ ಹೊರಬಂದು ರಿದಂ ಅಂಡ್ ಬ್ಲೂಸ್ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಸೇರಿತು. 1965ರಲ್ಲಿ ‘ಲೆಟ್ ಮಿ ಡೌನ್ ಈಸಿ’ ಬಂತು. ಆಮೇಲಿನದು ಒಂದು ಕಂಪನಿಯಿಂದ ಇನ್ನೊಂದಕ್ಕೆ ಅಲೆದಾಟ. 1972ರಲ್ಲಿ ಅಲಬಾಮಾದ ಮಸಲ್ ಶೋಲ್ಸ್ ಎಂಬ ಪುಟ್ಟ ಊರಿನಲ್ಲಿ, ಆ ಕಾಲದ ಅತ್ಯುತ್ತಮ ವಾದ್ಯಗಾರರೊಂದಿಗೆ, ಅವರು ತಮ್ಮ ಮೊದಲ ಪೂರ್ಣ ಆಲ್ಬಮ್ ‘ಚೈಲ್ಡ್ ಆಫ್ ದ ಸೆವೆಂಟೀಸ್’ ಅನ್ನು ಹಾಡಿ ಮುಗಿಸಿದರು. ಒಂದೆರಡು ಬಿಡಿ ಹಾಡುಗಳ ಹೊರತು ಅದು ಬಿಡುಗಡೆಯಾಗಲಿಲ್ಲ. ಮುದ್ರಿತ ಟೇಪುಗಳು ಸಂಸ್ಥೆಯ ಉಗ್ರಾಣ ಸೇರಿದವು. ಈ ನಡುವೆ ‘ಬಬ್ಲಿಂಗ್ ಬ್ರೌನ್ ಶುಗರ್’ ಎಂಬ ಸಂಗೀತ ನಾಟಕದೊಂದಿಗೆ ಊರೂರು ತಿರುಗಿದರು. ಡಿಸ್ಕೋ ಹಾಡೊಂದನ್ನೂ ಹಾಡಿದರು. ಅವರ ಹೆಸರಿನ ಪೂರ್ಣ ಆಲ್ಬಮ್ ಮೊದಲಿಗೆ ಅಂಗಡಿಗೆ ಬಂದದ್ದು 1982ರಲ್ಲಿ, ಮೊದಲ ಹಾಡಿನ ಇಪ್ಪತ್ತು ವರ್ಷಗಳ ತರುವಾಯ. ಉಗ್ರಾಣದ ಟೇಪುಗಳನ್ನು ಹುಡುಕಿ ತೆಗೆದವನು ಜಿಲ್ ಪೆತಾರ್ ಎಂಬ ಫ್ರೆಂಚ್ ಸಂಗ್ರಾಹಕ. 2000ದಲ್ಲಿ ಆತ ‘ಸೂವನೀರ್ಸ್’ ಎಂಬ ಹೆಸರಿನಲ್ಲಿ ಅವನ್ನು ಪ್ರಕಟಿಸಿದ. ಇಪ್ಪತ್ತಾರರ ಪ್ರಾಯದಲ್ಲಿ ಹಾಡಿದ್ದನ್ನು ಲೋಕ ಕೇಳಿಸಿಕೊಳ್ಳುವಾಗ ಹಾಡಿದವರಿಗೆ ಐವತ್ತನಾಲ್ಕು.

ಹಸ್ತಪ್ರತಿ ಸಂಶೋಧನೆಯಲ್ಲಿ ತೊಡಗಿದವರಿಗೆ ಈ ಪ್ರಸಂಗ ಆಪ್ತವಾಗಬಹುದು. ಆದರೆ ಹಸ್ತಪ್ರತಿಯ ಕವಿ ತನ್ನ ಕೃತಿಯ ಶೋಧವನ್ನು ಕಾಣಲು ಬದುಕಿರುವುದಿಲ್ಲ. ಲವೆಟ್ ಇದ್ದರು, ಡೆಟ್ರಾಯಿಟಿನ ಸಣ್ಣ ಕ್ಲಬ್ಬುಗಳಲ್ಲಿ ಹಾಡುತ್ತಲೇ ಇದ್ದರು. ಈ ಸಹನೆಯ ಹಿಂದೆ ಅವರ ಮ್ಯಾನೇಜರ್ ಜಿಮ್ ಲೂಯಿಸ್ ಅವರ ತಾಲೀಮು ಇತ್ತು. ಡೆಟ್ರಾಯಿಟಿನ ಸಂಗೀತಗಾರರ ಸಂಘದಲ್ಲಿದ್ದ ಈತ ತಾರೆಯಾಗುವ ಕನಸಿನ ಹುಡುಗಿಯನ್ನು ಹಿಡಿದು ಕೂರಿಸಿ ಹಳೆಯ ಹಾಡುಗಳನ್ನು ಕಲಿಸಿದರು. ಎಂಥ ಹಾಡನ್ನೂ ಎಂಥ ಕೋಣೆಯಲ್ಲೂ ಹಾಡಬಲ್ಲವರಾದರೆ ಜೀವನಪೂರ್ತಿ ಕೆಲಸವಿರುತ್ತದೆ ಎಂಬುದು ಆ ಪಾಠದ ತಿರುಳು. ಹಾಡುವುದನ್ನು ಪ್ರತಿಭೆಯೆನ್ನುವುದಕ್ಕಿಂತ ಮೊದಲು ಕಸುಬೆಂದು ಕಲಿಸಿದ ಪಾಠವದು.

ವ್ಯಾಪಾರದ ಅನ್ಯಾಯವೊಂದರಿಂದಲೇ ಅವರ ಅಜ್ಞಾತವಾಸವನ್ನು ವಿವರಿಸಿಬಿಡುವುದು ಸುಲಭ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅಭಿರುಚಿಯ ಪ್ರಶ್ನೆ. 1960ರ ದಶಕದ ಉತ್ತರಾರ್ಧದಿಂದ ಪಾಶ್ಚಾತ್ಯ ಜನಪ್ರಿಯ ಸಂಗೀತದ ವಿಮರ್ಶೆ ತಾನೇ ಬರೆದು ತಾನೇ ಹಾಡುವವರನ್ನು ಕವಿಯ ಪೀಠದಲ್ಲಿ ಕೂರಿಸಿತು. ಬೇರೆಯವರು ಬರೆದದ್ದನ್ನು ಹಾಡುವವರು ಎರಡನೆಯ ಸಾಲಿಗೆ ಸರಿದರು. ಈ ಶ್ರೇಣಿ ಕೇವಲ ಅಭಿಪ್ರಾಯದ್ದಲ್ಲ, ಆದಾಯದ್ದೂ ಹೌದು: ಅಮೆರಿಕದ ರೇಡಿಯೋ ಕೇಂದ್ರಗಳು ಹಾಡನ್ನು ಪ್ರಸಾರ ಮಾಡಿದಾಗ ರಚಿಸಿದವರಿಗೆ ಸಂಭಾವನೆ ಸಲ್ಲುವ ವ್ಯವಸ್ಥೆ ಬೆಳೆದುಬಂತೇ ಹೊರತು ಹಾಡಿದವರಿಗೆ ಸಲ್ಲುವ ಏರ್ಪಾಡು ಬೆಳೆಯಲಿಲ್ಲ. ಗಾಯಕಿ ಹೆಣ್ಣಾದಾಗ ಇನ್ನೊಂದು ಪೂರ್ವಗ್ರಹವೂ ಸೇರುತ್ತದೆ. ಆಕೆಯ ಭಾವವನ್ನು ಕಲೆಯೆಂದು ನೋಡದೆ ತಾನಾಗಿ ಉಕ್ಕಿದ್ದೆಂದು ಬಗೆಯಲಾಗುತ್ತದೆ. ಉಕ್ಕಿದ್ದನ್ನು ಮೆಚ್ಚಬಹುದು, ವಿಶ್ಲೇಷಿಸಬೇಕಾದ್ದಿಲ್ಲ ಎಂಬ ಅನುಕೂಲವೂ ಇದರಲ್ಲಿದೆ.

ವಿಶ್ಲೇಷಣೆಗೆ ಬೇಕಾದ ಪರಿಭಾಷೆಯನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ಭಾರತೀಯ ಮೀಮಾಂಸೆಯ ‘ಕಾಕು’ ಎಂಬ ಪರಿಕಲ್ಪನೆ ಇಲ್ಲಿ ಒದಗುತ್ತದೆ. ಮಾತು ಅದೇ ಇದ್ದು ನುಡಿಯುವ ದನಿ ಬದಲಾದಾಗ ಅರ್ಥವೂ ಬದಲಾಗುವುದು ಕಾಕುವಿನ ಕಾರ್ಯ. ನಾಟ್ಯಶಾಸ್ತ್ರ ಇದನ್ನು ವಾಚಿಕಾಭಿನಯದ ಪ್ರಕರಣದಲ್ಲಿ ಚರ್ಚಿಸಿ ಸಾಕಾಂಕ್ಷ, ನಿರಾಕಾಂಕ್ಷ ಎಂದು ಇಬ್ಬಗೆ ಮಾಡುತ್ತದೆ. ರುದ್ರಟ ಕಾಕುವನ್ನು ವಕ್ರೋಕ್ತಿಯ ಪ್ರಭೇದವಾಗಿ ಅಲಂಕಾರದ ಒಳಗೆ ತಂದ. ರಾಜಶೇಖರ ಒಪ್ಪಲಿಲ್ಲ, ಅದು ಓದುವಿಕೆಯ ಧರ್ಮ, ಅಲಂಕಾರ ಹೇಗಾದೀತು ಎಂದು ಆಕ್ಷೇಪಿಸಿದ. ಈ ವಾದವನ್ನು ಸ್ನಾತಕೋತ್ತರ ತರಗತಿಯಲ್ಲಿ ನಾವು ವರ್ಗೀಕರಣದ ಜಗಳವೆಂದು ದಾಟಿಬಿಡುತ್ತೇವೆ. ವಾಸ್ತವವಾಗಿ ಅದು ಕರ್ತೃತ್ವದ ಜಗಳ. ದನಿಯಿಂದ ಹುಟ್ಟಿದ ಅರ್ಥ ಕವಿಯ ಖಾತೆಗೆ ಸೇರಬೇಕೋ ಓದಿದವನ ಖಾತೆಗೋ? ರಾಜಶೇಖರನ ಆಕ್ಷೇಪ ಮೇಲುನೋಟಕ್ಕೆ ಕಾಕುವನ್ನು ಕೆಳಗಿಳಿಸಿದಂತೆ ತೋರಿದರೂ ಅದನ್ನು ಕವಿಯಿಂದ ಬಿಡಿಸಿ ನುಡಿಯುವವನಿಗೆ ಕೊಟ್ಟಿದೆ ಎಂದೂ ಓದಲು ಸಾಧ್ಯವಿದೆ.

‘ಲೆಟ್ ಮಿ ಡೌನ್ ಈಸಿ’ಯನ್ನು ಈ ಬೆಳಕಿನಲ್ಲಿ ಗಮನಿಸಬೇಕು. ಹಾಡಿನ ವಾಚ್ಯಾರ್ಥ ದೈನ್ಯದ್ದು. ತೊರೆದುಹೋಗುತ್ತಿರುವ ಪ್ರಿಯನಲ್ಲಿ ಹೆಣ್ಣೊಬ್ಬಳು ಬೇಡುವುದು ಇಷ್ಟೇ: ಬೀಳಿಸುವುದಾದರೆ ಮೆಲ್ಲಗೆ ಬೀಳಿಸು. ಪುಟದ ಮೇಲೆ ಓದಿದರೆ ಇದು ಸಾಧಾರಣ ರಚನೆ. ಹತ್ತೊಂಬತ್ತರ ಲವೆಟ್ ಇದನ್ನು ಹಾಡುವಾಗ ತಂತಿವಾದ್ಯಗಳು ಅಚ್ಚುಕಟ್ಟಾದ ಲಯದಲ್ಲಿ ಸಾಗುತ್ತವೆ. ದನಿ ಮಾತ್ರ ಆ ಅಚ್ಚುಕಟ್ಟಿಗೆ ಒಗ್ಗದೆ ಅಂಚಿನಲ್ಲಿ ಸೀಳುತ್ತದೆ. ಬೇಡಿಕೆಯ ಮಾತುಗಳನ್ನು ಅವರು ಬೇಡುವ ದನಿಯಲ್ಲಿ ನುಡಿಯುವುದಿಲ್ಲ. ಒರಟಾದ, ಕೆಳಸ್ತರದ, ಗಂಡಸಿನದೆಂದು ಭ್ರಮೆ ಹುಟ್ಟಿಸಬಹುದಾದ ಆ ದನಿ ದೈನ್ಯವನ್ನು ಎಚ್ಚರಿಕೆಯನ್ನಾಗಿ ಬದಲಿಸುತ್ತದೆ. ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ಹೇಳುವ ಕಾಕುಗಳಲ್ಲಿ ಕ್ಷೇತ್ರಕಾಕು ಎಂಬುದೊಂದಿದೆ. ಹಾಡುವ ಶರೀರದಿಂದಲೇ ಬರುವ ವ್ಯತ್ಯಾಸ ಅದು. ಲವೆಟ್ ತಮ್ಮ ಕಂಠದ ಈ ಒರಟುತನವನ್ನು ದೋಷವೆಂದು ತಿದ್ದಿಕೊಳ್ಳದೆ ಅರ್ಥದ ಸಾಧನವಾಗಿ ಬಳಸಿದರು. ಶಸ್ತ್ರಚಿಕಿತ್ಸೆಯ ನಂತರ ಗಡುಸಾದ ಕಂಠವನ್ನೇ ಕಿರಾನಾ ಘರಾಣೆಯ ಘನತೆಯಾಗಿಸಿದ ಗಂಗೂಬಾಯಿ ಹಾನಗಲ್ ಅವರನ್ನು ಕೇಳಿದ ಕಿವಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನೂ ಸ್ಪಷ್ಟವಾದ ನಿದರ್ಶನ 2005ರದು. ಜೋ ಹೆನ್ರಿ ನಿರ್ಮಾಣದಲ್ಲಿ ಬಂದ ‘ಐ ಹ್ಯಾವ್ ಗಾಟ್ ಮೈ ಓನ್ ಹೆಲ್ ಟು ರೈಸ್’ ಆಲ್ಬಮ್ಮಿನ ಹತ್ತೂ ಹಾಡುಗಳು ಮಹಿಳೆಯರು ಬರೆದವು. ಅದು ತೆರೆದುಕೊಳ್ಳುವುದು ಐರ್ಲೆಂಡಿನ ಶಿನೇಡ್ ಓ’ಕಾನರ್ ಅವರ ರಚನೆಯಿಂದ. ಶೀರ್ಷಿಕೆಯ ಅರ್ಥ ‘ನನ್ನಲ್ಲಿ ಇಲ್ಲದ್ದು ನನಗೆ ಬೇಡ’ ಎಂದು. ಓ’ಕಾನರ್ ಇದನ್ನು 1990ರಲ್ಲಿ ವಾದ್ಯಗಳ ನೆರವಿಲ್ಲದೆ ಹಾಡಿದ್ದರು. ಲವೆಟ್ ಕೂಡ ವಾದ್ಯಗಳಿಲ್ಲದೆಯೇ ಹಾಡುತ್ತಾರೆ. ಪಠ್ಯ ಒಂದೇ, ವಾದ್ಯದ ಮರೆ ಇಬ್ಬರಿಗೂ ಇಲ್ಲ. ಆದ್ದರಿಂದ ಉಳಿಯುವ ವ್ಯತ್ಯಾಸವೆಲ್ಲ ಕಾಕುವಿನದು. ಇಪ್ಪತ್ತಮೂರರ ಓ’ಕಾನರ್ ಅವರ ದನಿಯಲ್ಲಿ ಪ್ರಾರ್ಥನೆಯ ತೆಳುವಿದೆ. ಪ್ರತಿಯೊಂದು ಸಾಲೂ ಆಚೆಯಿಂದ ಉತ್ತರವೊಂದನ್ನು ನಿರೀಕ್ಷಿಸಿ ತುಸು ಮೇಲಕ್ಕೇ ನಿಂತುಬಿಡುತ್ತದೆ. ಬೇಡ ಎಂಬ ಮಾತು ಅಲ್ಲಿ ಸಂಕಲ್ಪ. ಬದುಕು ಮುಂದಿರುವವರು ಮಾಡುವ ವ್ರತದಂತಹದು. ಐವತ್ತೊಂಬತ್ತರ ಲವೆಟ್ ಸಾಲಿನ ತುದಿಯನ್ನು ನೆಲಕ್ಕಿಳಿಸಿ ನಿಲ್ಲಿಸುತ್ತಾರೆ. ಎರಡು ಸಾಲುಗಳ ನಡುವಿನ ಮೌನ ಕೇಳುಗನಿಗೆ ಮುಜುಗರವಾಗುವಷ್ಟು ದೀರ್ಘ. ಸಿಗದೇ ಹೋದುದರ ಪಟ್ಟಿಯನ್ನು ಪೂರ್ತಿ ಓದಿ ಮುಗಿಸಿ ಸಹಿ ಹಾಕಿದಂತೆ ಬೇಡ ಎಂಬ ಮಾತು ಬರುತ್ತದೆ. ಭರತ ಸಾಕಾಂಕ್ಷ, ನಿರಾಕಾಂಕ್ಷ ಎಂದದ್ದು ವಾಕ್ಯಾರ್ಥ ಪೂರ್ಣವಾಯಿತೇ ಇಲ್ಲವೇ ಎಂಬುದನ್ನು ಕುರಿತು, ಬಯಕೆಯನ್ನು ಕುರಿತಲ್ಲ. ಆ ಪದಗಳನ್ನು ನಾನು ಹಿಗ್ಗಿಸಿ ಬಳಸುತ್ತಿದ್ದೇನೆ. ಆದರೂ ನಿರಾಕಾಂಕ್ಷೆಯನ್ನೇ ವಸ್ತುವಾಗುಳ್ಳ ಹಾಡು ಒಬ್ಬರಲ್ಲಿ ಸಾಕಾಂಕ್ಷ ಕಾಕುವಿನಲ್ಲಿಯೂ ಇನ್ನೊಬ್ಬರಲ್ಲಿ ನಿರಾಕಾಂಕ್ಷ ಕಾಕುವಿನಲ್ಲಿಯೂ ನುಡಿಗೊಂಡಿದೆ ಎಂದರೆ ಇವು ಒಂದೇ ಹಾಡು ಎನ್ನಲು ನನಗೆ ಧೈರ್ಯವಾಗುವುದಿಲ್ಲ. ಯಾವುದು ಮೇಲು ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುತ್ತಿಲ್ಲ.

ಅದೇ ಆಲ್ಬಮ್ಮಿನಲ್ಲಿ ಲುಸಿಂಡಾ ವಿಲಿಯಮ್ಸ್ ಅವರ ‘ಜಾಯ್’ ಎಂಬ ಹಾಡಿದೆ. ಕಳೆದುಹೋದ ಸಂತೋಷವನ್ನು ಹುಡುಕಿಕೊಂಡು ಹೆಣ್ಣೊಬ್ಬಳು ಊರೂರು ಅಲೆಯುತ್ತಾಳೆ. ಮೂಲದಲ್ಲಿ ಬರುವ ದಕ್ಷಿಣದ ಊರುಗಳ ಬದಲಿಗೆ ಲವೆಟ್ ತಮ್ಮ ವೃತ್ತಿಜೀವನದ ಊರುಗಳನ್ನು ಇಟ್ಟರು. ಡೆಟ್ರಾಯಿಟ್ ಹಾಡಿನೊಳಗೆ ಬಂತು. ಜನಪದ ಗಾಯಕಿಯರು ತಮ್ಮ ಊರಿನ ದೇವರನ್ನೂ ತವರಿನ ಹೆಸರನ್ನೂ ಹಾಡಿನಲ್ಲಿ ಸೇರಿಸುವುದನ್ನು ಬಲ್ಲ ನಮಗೆ ಇದರ ಬೆಲೆ ತಿಳಿಯುತ್ತದೆ. ಬಲ್ಲೆವು ಎಂದೆನೇ ಹೊರತು ಆ ಅರಿವನ್ನು ನಾವು ನಮ್ಮ ಪಾಠಗಳಲ್ಲಿ ಪಾಲಿಸಿದ್ದೇವೆ ಎನ್ನಲಾರೆ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲು ಮರುಕಳಿಸಿ ಪದ್ಯ ನಾಲ್ಕು ಸಾಲಾಗುತ್ತದೆಂಬುದು ಛಂದಸ್ಸಿನ ಪಾಠ ಹೇಳುವವರೆಲ್ಲರಿಗೂ ಗೊತ್ತು. ಅಚ್ಚಿನಲ್ಲಿ ನಾವು ಮೂರೇ ಸಾಲು ಕೊಡುತ್ತೇವೆ. ಕ್ಷೇತ್ರಕಾರ್ಯದಲ್ಲಿ ವೃದ್ಧೆಯೊಬ್ಬರು ನನಗಾಗಿ ಬೀಸುವ ಪದ ಹಾಡಿದರು. ತಾಯಿ ಸತ್ತ ತವರಿನ ಸಾಲೊಂದನ್ನು ಮೂರು ಸಲ ನುಡಿದರು. ಮೊದಲ ಸಲ ಅದು ಸುದ್ದಿ, ಎರಡನೆಯ ಸಲ ದೂರು. ಮೂರನೆಯ ಸಲ ನನ್ನನ್ನು ಮರೆತು ಕಲ್ಲಿಗೇ ಹೇಳಿದಂತಿತ್ತು. ನಾನು ಅದನ್ನು ಒಂದು ಸಲ ಬರೆದುಕೊಂಡು ಮುಂದೆ ‘ಪುನರಾವರ್ತನೆ’ ಎಂದು ಆವರಣದಲ್ಲಿ ಗುರುತು ಹಾಕಿದೆ. ಅವರ ಹೆಸರು ಅನುಬಂಧದ ವಕ್ತೃಗಳ ಪಟ್ಟಿಗೆ ಸೇರಿತು.

ಲವೆಟ್ ಅವರನ್ನು ಮೆಚ್ಚುವವರಲ್ಲಿಯೂ ಒಂದು ಅಡ್ಡದಾರಿಯಿದೆ. ಅವರು ಪಟ್ಟ ಪಾಡೇ ಹಾಡಾಯಿತು ಎಂಬ ವಿವರಣೆ ಅದು. 2012ರಲ್ಲಿ ಡೇವಿಡ್ ರಿಟ್ಸ್ ಜೊತೆ ಬರೆದು ಪ್ರಕಟಿಸಿದ, ಯಾವ ಸಂಕೋಚವೂ ಇಲ್ಲದ ಆತ್ಮಕಥೆಯ ನಂತರ ಈ ಪ್ರವೃತ್ತಿಗೆ ಇನ್ನಷ್ಟು ಸಾಮಗ್ರಿ ಸಿಕ್ಕಿತು. ಅಕ್ಕಮಹಾದೇವಿಯ ವಚನಗಳನ್ನು ಆಕೆಯ ಜೀವನಚರಿತ್ರೆಯ ಅಡಿಟಿಪ್ಪಣಿಗಳಂತೆ ಓದಿದವರು ನಾವು. ಈ ದಾರಿ ಎಲ್ಲಿಗೆ ಒಯ್ಯುತ್ತದೆಂಬುದನ್ನು ಬಲ್ಲೆವು. ಪಾಡು ಪಟ್ಟವರೆಲ್ಲ ಹೀಗೆ ಹಾಡುವುದಿಲ್ಲ. ಇನ್ನೊಂದು ಕಡೆ, ಅವರ ಎಲ್ಲ ಮುದ್ರಿಕೆಗಳೂ ಒಂದೇ ಎತ್ತರದವೆಂದು ವಾದಿಸುವುದೂ ಪ್ರಾಮಾಣಿಕವಾಗದು. 1982ರ ಆಲ್ಬಮ್ಮಿನ ನುಣುಪು ವಾದ್ಯಸಂಯೋಜನೆ ದನಿಯ ಒರಟನ್ನು ಮುಚ್ಚುತ್ತದೆ. ಬ್ರಿಟಿಷ್ ರಾಕ್ ಹಾಡುಗಳನ್ನು ಆಯ್ದು ಮಾಡಿದ 2010ರ ‘ಇಂಟರ್‌ಪ್ರಿಟೇಷನ್ಸ್’ನಲ್ಲಿ ಸಾಲಿನ ಕೊನೆಯಲ್ಲಿ ದನಿ ಮುರಿಯುವ ತಂತ್ರ ಹಾಡಿನಿಂದ ಹಾಡಿಗೆ ಮರುಕಳಿಸಿ ಕೆಲವೆಡೆ ರೂಢಿಯಾಗಿಬಿಡುತ್ತದೆ. ವ್ಯಾಖ್ಯಾನಗಳು ಎಂಬ ಅರ್ಥದ ಆ ಶೀರ್ಷಿಕೆ ಮಾತ್ರ ಅವರ ಇಡೀ ಸಾಧನೆಗೆ ಒಪ್ಪುವಂಥದು.

ಆ ಆಲ್ಬಮ್ಮಿಗೆ ಕಾರಣವಾದ ಪ್ರಸಂಗವನ್ನು ಇಲ್ಲಿ ನೆನೆಯಬೇಕು. 2008ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಕೆನಡಿ ಸೆಂಟರ್ ಗೌರವ ಸಮಾರಂಭದಲ್ಲಿ ‘ದ ಹೂ’ ತಂಡದ ಪೀಟ್ ಟೌನ್‌ಶೆಂಡ್ ಮತ್ತು ರೋಜರ್ ಡಾಲ್ಟ್ರಿ ಅವರನ್ನು ಸನ್ಮಾನಿಸುವಾಗ ಲವೆಟ್ ಟೌನ್‌ಶೆಂಡ್ ಅವರ ‘ಲವ್, ರೇನ್ ಓವರ್ ಮಿ’ ಹಾಡಿದರು. 1973ರ ಈ ಹಾಡಿನ ಶೀರ್ಷಿಕೆಯಲ್ಲೇ ಶ್ಲೇಷೆಯಿದೆ. ‘ರೇನ್’ ಎಂಬ ಉಚ್ಚಾರ ಇಂಗ್ಲಿಷಿನಲ್ಲಿ ಸುರಿಯುವ ಮಳೆಯೂ ಹೌದು, ಆಳುವ ಅಧಿಕಾರವೂ ಹೌದು. ಬರಹ ಒಂದನ್ನು ಆರಿಸಿಕೊಳ್ಳಲೇಬೇಕು. ಕಿವಿಗೆ ಆ ನಿರ್ಬಂಧವಿಲ್ಲ. ಡಾಲ್ಟ್ರಿಯವರ ಮೂಲ ಗಾಯನ ಯುವಕನೊಬ್ಬನ ಕೂಗು. ಲವೆಟ್ ಅದನ್ನು ನಿಧಾನಗೊಳಿಸಿ, ತಗ್ಗಿನಲ್ಲಿ ಹಿಡಿದು, ಮಾತಿಗೆ ಹತ್ತಿರ ತಂದರು. ಬಹಳ ಹೊತ್ತು ಅದು ಬರಗಾಲದವರು ಮಳೆಯನ್ನು ಕರೆದಂತೆ ಕೇಳುತ್ತದೆ. ದನಿ ಕೊನೆಗೆ ಏರಿದಾಗ ಕರೆದದ್ದು ಮಳೆಯನ್ನಲ್ಲ, ದೊರೆಯನ್ನು ಎಂಬ ಅನುಮಾನ ಬರುತ್ತದೆ. ದೃಶ್ಯಮುದ್ರಣದಲ್ಲಿ ಮೇಲಂತಸ್ತಿನ ಆಸನದಲ್ಲಿ ಕುಳಿತ ಟೌನ್‌ಶೆಂಡ್ ಭಾವುಕರಾಗಿರುವುದು ಕಾಣುತ್ತದೆ. ಮೂವತ್ತೈದು ವರ್ಷಗಳ ಹಿಂದೆ ತಾವೇ ಬರೆದದ್ದನ್ನು ಆತ ಮೊದಲ ಬಾರಿಗೆ ಎಂಬಂತೆ ಕೇಳುತ್ತಿದ್ದರು.

ಅಲ್ಲಿಂದ ಮುಂದೆ ಮನ್ನಣೆ ಬಂತು. 2009ರ ಜನವರಿಯಲ್ಲಿ ಒಬಾಮ ಅಧಿಕಾರ ಸ್ವೀಕಾರದ ಮುನ್ನಾದಿನಗಳ ಸಂಗೀತ ಸಭೆಯಲ್ಲಿ ಅವರು ಹಾಡಿದರು. 2020ರಲ್ಲಿ ಬ್ಲೂಸ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. ಗ್ರ್ಯಾಮಿಗೆ ಹಲವು ಸಲ ನಾಮನಿರ್ದೇಶಿತರಾದರು. ಆದರೂ ಸೋಲ್ ಎಂದೊಡನೆ ನಾಲಿಗೆಗೆ ಬರುವ ಹೆಸರುಗಳಲ್ಲಿ ಅವರದು ಸೇರಲಿಲ್ಲ.

2020ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಅವರು ‘ಬ್ಲ್ಯಾಕ್‌ಬರ್ಡ್ಸ್’ ಪ್ರಕಟಿಸಿದರು. ಬಿಲ್ಲಿ ಹಾಲಿಡೇ, ಡೈನಾ ವಾಷಿಂಗ್ಟನ್, ನೀನಾ ಸಿಮೋನ್ ಮುಂತಾದ ಪೂರ್ವಸೂರಿ ಗಾಯಕಿಯರ ಹಾಡುಗಳ ಕೊನೆಯಲ್ಲಿ ಬೀಟಲ್ಸ್ ತಂಡದ ‘ಬ್ಲ್ಯಾಕ್‌ಬರ್ಡ್’ ಇದೆ. ಬ್ರಿಟಿಷರ ಆಡುಮಾತಿನಲ್ಲಿ ಹಕ್ಕಿ ಎಂದರೆ ಹುಡುಗಿ ಎಂಬ ಅರ್ಥವಿದೆ. ಕಪ್ಪು ಹಕ್ಕಿಯನ್ನು ಲವೆಟ್ ಕಪ್ಪು ಹೆಣ್ಣೆಂದೇ ತೆಗೆದುಕೊಂಡರು. ಮೂಲದಲ್ಲಿ ಕವಿ ಹಕ್ಕಿಯನ್ನು ‘ನೀನು’ ಎಂದು ಸಂಬೋಧಿಸುತ್ತಾನೆ. ಲವೆಟ್ ಅಲ್ಲಿ ‘ನಾನು’ ಎಂದು ಹಾಡಿದರು. ಗ್ರಂಥಸಂಪಾದನೆಯ ಶಿಸ್ತಿನಲ್ಲಿ ಇದು ಪಾಠಾಂತರ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಸೇರತಕ್ಕದ್ದು. ನನ್ನ ಟೇಪುಗಳನ್ನು ಈಗ ಮತ್ತೆ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಆ ವೃದ್ಧೆಯ ಸಾಲನ್ನು ಮೂರು ಸಲವೂ ಬರೆದಿದ್ದೇನೆ. ಮೂರನೆಯದು ಮೊದಲ ಎರಡರಂತೆಯೇ ಕಾಣುತ್ತದೆ; ಬೇರೆಯಾಗಿ ತೋರಿಸುವ ಚಿಹ್ನೆ ಇನ್ನೂ ಸಿಕ್ಕಿಲ್ಲ.